ಐರನ್ ಗೋಟ್ ಟ್ರೇಲ್: ಮೂರು ಬಾಗಿಲು ಇವೆ, ನೀವು ಯಾವ ಕಡೆಯಿಂದ ಹತ್ತಬೇಕು?

ಸಿಯಾಟಲ್ ಕಡೆ ಇರೋ ನಮ್ಮವರಿಗೆ ಬೇಸಿಗೆ ಶುರುವಾದ್ರೆ ಒಂದೇ ತಲೆನೋವು, ಶನಿವಾರ ಎಲ್ಲಿಗೆ ಹೋಗೋದು. ಊರಿಂದ ಅಪ್ಪ ಅಮ್ಮ ಬಂದಿರ್ತಾರೆ, ಮನೇಲಿ ನಾಲ್ಕು ವರ್ಷದ ಮಗು ಇರುತ್ತೆ, ಜೊತೆಗೆ ಒಬ್ಬ ಫ್ರೆಂಡ್ ಬರ್ತಾನೆ ಅವನಿಗೆ ಹತ್ತು ಮೈಲಿ ನಡೆಯದೇ ಇದ್ರೆ ಅದು ಟ್ರೆಕ್ಕೇ ಅಲ್ಲ. ಇವರೆಲ್ಲರನ್ನೂ ಒಂದೇ ಜಾಗಕ್ಕೆ ಕರ್ಕೊಂಡು ಹೋಗೋಕೆ ಆಗುತ್ತಾ ಅಂದ್ರೆ ಆಗುತ್ತೆ, ಸ್ಟೀವನ್ಸ್ ಪಾಸ್ ಅನ್ನೋ ಘಾಟಿ ಹತ್ರ ಇರೋ ಐರನ್ ಗೋಟ್ ಟ್ರೇಲ್‌ಗೆ. ಆದ್ರೆ ಅಲ್ಲಿ ಟ್ರೇಲ್‌ಹೆಡ್, ಅಂದ್ರೆ ಕಾರ್ ನಿಲ್ಸಿ ನಡೆಯೋಕೆ ಶುರು ಮಾಡೋ ಜಾಗ, ಒಂದಲ್ಲ, ಮೂರು: ಮಾರ್ಟಿನ್ ಕ್ರೀಕ್, ಸೀನಿಕ್, ವೆಲ್ಲಿಂಗ್ಟನ್. ತಪ್ಪು ಕಡೆ ಕಾರ್ ನಿಲ್ಸಿದ್ರೆ ದಿನ ಪೂರ್ತಿ ಮನೆಯವರ ಹತ್ರ ಬೈಸ್ಕೋಬೇಕಾಗುತ್ತೆ. ನಾನು ಬೈಸ್ಕೊಂಡಿದೀನಿ, ಅದಕ್ಕೇ ಇಷ್ಟುದ್ದ ಬರೀತಾ ಇರೋದು.

ಮೊದಲು ಇದು ಏನು ಅಂತ ಹೇಳ್ಬಿಡ್ತೀನಿ. ಗ್ರೇಟ್ ನಾರ್ದರ್ನ್ ಅನ್ನೋ ರೈಲ್ವೆ ಕಂಪನಿ, ಜೇಮ್ಸ್ ಜೆ. ಹಿಲ್ ಕಟ್ಟಿದ್ದು, ಮಿನ್ನೆಸೋಟಾದ ಸೇಂಟ್ ಪಾಲ್‌ನಿಂದ ಪಶ್ಚಿಮ ಸಮುದ್ರದ ತನಕ ಹಳಿ ಹಾಕ್ತು. ಕ್ಯಾಸ್ಕೇಡ್ ಬೆಟ್ಟ ದಾಟೋ ದಾರಿ ಹುಡುಕಿದ್ದು ಜಾನ್ ಎಫ್. ಸ್ಟೀವನ್ಸ್ ಅನ್ನೋ ಎಂಜಿನಿಯರ್, ಪಾಸ್‌ಗೆ ಅವನದೇ ಹೆಸರು, ಆಮೇಲೆ ಅವನು ಪನಾಮ ಕಾಲುವೆಗೂ ಚೀಫ್ ಎಂಜಿನಿಯರ್ ಆದ. ಕೊನೇ ಮೊಳೆ ಹೊಡೆದಿದ್ದು 1893ರ ಜನವರಿ 6ಕ್ಕೆ, ಸೀನಿಕ್ ಅನ್ನೋ ಜಾಗದ ಹತ್ರ. 1929ರಲ್ಲಿ ಕೆಳಗಡೆ 7.8 ಮೈಲಿ ಉದ್ದದ ಹೊಸ ಟನಲ್ ಆದ್ಮೇಲೆ ಮೇಲಿನ ಹಳೇ ಲೈನನ್ನ ಪೂರ್ತಿ ಬಿಟ್ಬಿಟ್ರು. ಹಳಿ ಕಿತ್ತು ತಗೊಂಡು ಹೋದ್ರು, ಸುರಂಗ, ಕಾಂಕ್ರೀಟ್ ಗೋಡೆ, ಮರದ ದಿಮ್ಮಿ ಎಲ್ಲ ಅಲ್ಲೇ ಕಾಡಿನ ಪಾಲಾಯ್ತು. ಅದೇ ದಾರೀನ ಫಾರೆಸ್ಟ್ ಸರ್ವೀಸ್ ಮತ್ತೆ ಸ್ವಯಂಸೇವಕರು ಸೇರಿ ಗಿಡಗಂಟಿ ಕಡಿದು ಟ್ರೇಲ್ ಮಾಡಿದ್ರು, 1993ರಲ್ಲಿ ಮೊದಲ ಭಾಗ ತೆರೀತು, ಅಂದ್ರೆ ಕೊನೇ ಮೊಳೆ ಹೊಡೆದು ಸರಿಯಾಗಿ ನೂರು ವರ್ಷಕ್ಕೆ. ಕಂಪನಿ ಲೋಗೋದಲ್ಲಿ ಬೆಟ್ಟದ ಮೇಕೆ ಇತ್ತು, ಅದಕ್ಕೆ ಕಬ್ಬಿಣದ ಮೇಕೆ.

ನಮ್ಮಲ್ಲಿ ಸಕಲೇಶಪುರದ ಹಳಿ ಮೇಲೆ ನಡೆದಿದೀವಿ ಅಂತ ಹೇಳ್ಕೊಳ್ಳೋ ಒಂದು ತಲೆಮಾರೇ ಇದೆ, ಅದು ಓಡೋ ಲೈನು, ಅಲ್ಲಿ ನಡೆಯೋದು ಕಾನೂನಿಗೂ ವಿರುದ್ಧ ಜೀವಕ್ಕೂ ಅಪಾಯ. ಇಲ್ಲಿ ಆ ಭಯ ಇಲ್ಲ. ಹಿಂದಿನಿಂದ ಯಾವ ರೈಲೂ ಬರಲ್ಲ, ಬಂದ್ರೆ ಕೆಳಗಡೆ ಕಣಿವೇಲಿ ಹಾರ್ನ್ ಕೇಳುತ್ತೆ ಅಷ್ಟೇ.

ಈಗ ಒಂದು ಲೆಕ್ಕ. ಇದು ಅರ್ಥ ಆದ್ರೆ ಮೂರರಲ್ಲಿ ಯಾವುದು ಅನ್ನೋದು ನಿಮಗೇ ಹೊಳೆಯುತ್ತೆ, ನನ್ನ ಬರಹದ ಉಳಿದಿದ್ದು ಓದದೇ ಇದ್ರೂ ನಡೆಯುತ್ತೆ. ರೈಲಿಗೆ ಏರು ಹತ್ತೋಕೆ ಬರಲ್ಲ. ಈ ಲೈನ್‌ನಲ್ಲಿ ಜಾಸ್ತಿ ಅಂದ್ರೆ 100 ಅಡಿ ಮುಂದೆ ಹೋದ್ರೆ 2.2 ಅಡಿ ಮೇಲೆ, ಅಷ್ಟೇ. ಕೆಳಗಿನ ಸೀನಿಕ್ ಸುಮಾರು 2,100 ಅಡಿ ಎತ್ತರದಲ್ಲಿದೆ, ಮೇಲಿನ ವೆಲ್ಲಿಂಗ್ಟನ್ ಸುಮಾರು 3,100 ಅಡಿ. ನಡುವೆ ಸಾವಿರ ಅಡಿ. 2.2ರ ಲೆಕ್ಕದಲ್ಲಿ ಸಾವಿರ ಅಡಿ ಹತ್ತಬೇಕು ಅಂದ್ರೆ 45,000 ಅಡಿ ಹಳಿ ಬೇಕು, ಹತ್ರ ಹತ್ರ ಎಂಟೂವರೆ ಮೈಲಿ. ಆದ್ರೆ ಆ ಎರಡು ಊರಿನ ನಡುವೆ ನೇರಕ್ಕೆ ಅಷ್ಟು ದೂರ ಎಲ್ಲಿದೆ? ಇಲ್ಲ. ಅದಕ್ಕೆ ಅವರು ಏನು ಮಾಡಿದ್ರು ಅಂದ್ರೆ, ಪೂರ್ವಕ್ಕೆ ಹೋಗಬೇಕಾದ ರೈಲನ್ನ ಸೀನಿಕ್ ಹತ್ರ ತಿರುಗಿಸಿ ವಾಪಸ್ ಪಶ್ಚಿಮಕ್ಕೆ ಕಳ್ಸಿದ್ರು, ಬೆಟ್ಟದ ಪಕ್ಕೆಗೆ ಅಂಟ್ಕೊಂಡು ಮೆಲ್ಲಗೆ ಏರ್ತಾ ಮಾರ್ಟಿನ್ ಕ್ರೀಕ್ ತನಕ ಹೋಗಿ, ಅಲ್ಲಿ ಬೆಟ್ಟದ ಹೊಟ್ಟೆಯೊಳಗೆ ಕುದುರೆ ಲಾಳದ ಥರ ಬಗ್ಗಿಸಿದ ಸುರಂಗದಲ್ಲಿ ಇನ್ನೊಂದು ಸಲ ತಿರುಗಿ, ಅದೇ ಬೆಟ್ಟದ ಪಕ್ಕೆ ಮೇಲೆ, ಮೊದಲಿನ ಹಳಿಗಿಂತ ಎತ್ತರದಲ್ಲಿ, ಮತ್ತೆ ಪೂರ್ವಕ್ಕೆ ವೆಲ್ಲಿಂಗ್ಟನ್ ಕಡೆಗೆ.

ಅಂದ್ರೆ ಒಂದೇ ಬೆಟ್ಟದ ಮೇಲೆ ಎರಡು ಅಂತಸ್ತು. ಕೆಳಗಿನದು ಲೋವರ್ ಗ್ರೇಡ್, ಮೇಲಿನದು ಅಪ್ಪರ್ ಗ್ರೇಡ್. ರೈಲು ಓಡಿದ ಜಾಗ ಎಲ್ಲ ನಮಗೆ ಸಮತಟ್ಟು, ಕಾಲಿಗೆ ಏರು ಅಂತ ಗೊತ್ತೇ ಆಗಲ್ಲ. ಈ ಎರಡು ಅಂತಸ್ತಿನ ನಡುವೆ ಮನುಷ್ಯರಿಗೆ ಅಂತ ಅಲ್ಲಲ್ಲಿ ಕಡಿದಿರೋ ಅಡ್ಡದಾರಿ ಇವೆ, ಕ್ರಾಸೋವರ್ ಅಂತಾರೆ, ಅವು ಮಾತ್ರ ಕಡಿದು. ಒಟ್ಟು ಇಷ್ಟೇ. ನಿಮ್ಮ ಜೊತೆ ಬರೋರ ಮಂಡಿ ಹೇಗಿದೆ ನೋಡ್ಕೊಳ್ಳಿ, ಕ್ರಾಸೋವರ್ ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡಿ, ಆಮೇಲೆ ಟ್ರೇಲ್‌ಹೆಡ್ ಆರ್ಸಿ. ಮ್ಯಾಪಲ್ಲಿ ಮೈಲಿ ಎಷ್ಟು ಅಂತ ನೋಡಿ ಆರ್ಸೋರೇ ಜಾಸ್ತಿ, ಅಲ್ಲೇ ಎಡವೋದು.

ಮಾರ್ಟಿನ್ ಕ್ರೀಕ್

ಯೂಎಸ್ 2 ಹೈವೇಲಿ ಸ್ಕೈಕೋಮಿಶ್ ಊರು ದಾಟಿ ಪಾಸ್ ಕಡೆ ಹೋಗ್ತಾ ಮೈಲಿಕಲ್ಲು 55ರ ಹತ್ರ ಎಡಕ್ಕೆ ಓಲ್ಡ್ ಕ್ಯಾಸ್ಕೇಡ್ ಹೈವೇ, ಅಲ್ಲಿಂದ ಫಾರೆಸ್ಟ್ ರೋಡ್ 6710. ಕೊನೇಲಿ ಸ್ವಲ್ಪ ದೂರ ಮಣ್ಣು ಜಲ್ಲಿ ರಸ್ತೆ, ಗುಂಡಿ ಇರ್ತವೆ, ಮೆಲ್ಲಗೆ ಹೋದ್ರೆ ಮಾಮೂಲಿ ಕಾರಿಗೂ ಸಾಕು.

ಅಜ್ಜ ಅಜ್ಜಿ, ಪುಟ್ಟ ಮಕ್ಕಳು, ಸ್ಟ್ರೋಲರ್, ವೀಲ್‌ಚೇರ್ ಅಂದ್ರೆ ಇಲ್ಲಿಗೇ ಬನ್ನಿ, ಬೇರೆ ಯೋಚನೆನೇ ಬೇಡ. ಲೋವರ್ ಗ್ರೇಡ್ ಇಲ್ಲಿಂದ ನೇರ ಶುರು, ಅಗಲ ದಾರಿ, ಮೆಟ್ಟಿಲಿಲ್ಲ, ವೀಲ್‌ಚೇರ್ ಹೋಗ್ಲಿ ಅಂತಲೇ ಸಮ ಮಾಡಿರೋ ದಾರಿ. ಒಂದು ಮೈಲಿ ಚಿಲ್ಲರೆ ಹೋದ್ರೆ ಟ್ವಿನ್ ಟನಲ್ಸ್ ಅನ್ನೋ ಸುರಂಗದ ಬಾಯಿ ಸಿಗುತ್ತೆ. ಒಳಗಿಂದ ಎಂಥಾ ಸೆಕೆ ದಿನದಲ್ಲೂ ಫ್ರಿಡ್ಜ್ ಬಾಗಿಲು ತೆಗೆದಂಗೆ ತಣ್ಣನೆ ಗಾಳಿ ಬರುತ್ತೆ. ನಮ್ಮಪ್ಪ ಅಲ್ಲಿ ಅರ್ಧ ಗಂಟೆ ಕಲ್ಲಿನ ಮೇಲೆ ಕೂತ್ಬಿಟ್ರು, ಅರವತ್ತೆಂಟು ವರ್ಷ ಅವರಿಗೆ, ಮಂಡಿ ಆಪರೇಷನ್ ಆಗಿದೆ, ಆ ದಿನ ಒಂದ್ಸಲನೂ ನೋವು ಅನ್ನಲಿಲ್ಲ.

ಸ್ವಲ್ಪ ಶಕ್ತಿ ಇರೋರು ಅಲ್ಲಿಂದ ವಾಪಸ್ ಬರೋ ಬದಲು ಕೊರಿಯಾ ಕ್ರಾಸೋವರ್ ಹತ್ತಿ ಅಪ್ಪರ್ ಗ್ರೇಡ್‌ಗೆ ಹೋಗಿ, ಮಾರ್ಟಿನ್ ಕ್ರೀಕ್ ಕ್ರಾಸೋವರ್ ಇಳಿದು ಕಾರ್ ಹತ್ರ ಬರಬಹುದು, ಒಟ್ಟು ಎರಡೂವರೆ ಮೂರು ಮೈಲಿ ಲೂಪ್. ಏರು ಇದೆ, ಆದ್ರೆ ಗಿಡ್ಡ ಏರು, ಏಳೆಂಟು ವರ್ಷದ ಮಕ್ಕಳು ಓಡ್ಕೊಂಡು ಹತ್ತಿಬಿಡ್ತವೆ. ಮೇಲಿನ ಅಂತಸ್ತಲ್ಲಿ ದೊಡ್ಡ ದೊಡ್ಡ ಕಾಂಕ್ರೀಟ್ ಗೋಡೆಗಳು, ಬೆಟ್ಟದ ಕಡೆ ಮಾತ್ರ ಇರ್ತವೆ, ಎದುರುಗಡೆ ಏನೂ ಇರಲ್ಲ. ಇವು ಸ್ನೋ ಶೆಡ್‌ನ ಹಿಂಬದಿ ಗೋಡೆ. ಬೆಟ್ಟದಿಂದ ಜಾರೋ ಹಿಮ ಹಳಿ ಮೇಲೆ ಬೀಳದೆ ಮಾಡಿನ ಮೇಲಿಂದ ಜಾರಿ ಕೆಳಗೆ ಹೋಗ್ಲಿ ಅಂತ ಹಳಿಗೆ ಛಾವಣಿ ಹಾಕ್ತಿದ್ರು, ಗೋಡೆ ಕಾಂಕ್ರೀಟು, ಮಾಡು ಮರದ್ದು. ಮರ ಎಲ್ಲ ಕೊಳೆತು ಬಿದ್ದೋಯ್ತು, ಗೋಡೆ ಪಾಚಿ ಹಿಡ್ಕೊಂಡು ನಿಂತಿದೆ. ಸ್ಪಿಲ್‌ವೇ ಅಂತ ಒಂದು ಬೋರ್ಡ್ ಕಾಣುತ್ತೆ, ಅದರ ಹಿಂದೆ ಮೇಲುಗಡೆ ನೀರು ಕೂಡಿಡೋ ಜಾಗ ಇತ್ತು, ಯಾಕಪ್ಪಾ ಅಂದ್ರೆ ಹಿಮ ತಡೆಯೋಕೆ ಕಟ್ಟಿದ ಆ ಮರದ ಮಾಡಿಗೆ ಎಂಜಿನ್ ಕಿಡಿಯಿಂದ ಬೆಂಕಿ ಹತ್ಕೋತಾ ಇತ್ತು. ಚಳಿಗಾಲ ಹಿಮದ ಕಾಟ, ಬೇಸಿಗೆ ಬೆಂಕಿ ಕಾಟ, ಕಂಪನಿಯವರು ಸಾಕಾಗಿ ಹೋಗಿರ್ತಾರೆ.

ಇಲ್ಲಿಯ ಕೊರತೆ ಏನಂದ್ರೆ ದೂರದ ನೋಟ ಕಮ್ಮಿ. ಮರಗಳ ನಡುವೆ ನಡೀತೀರಿ, ಹಸಿರು, ನೀರು ಜಿನುಗೋ ಶಬ್ದ, ಅಷ್ಟೇ. ಬೆಟ್ಟದ ತುದಿ ಫೋಟೋ ಬೇಕು ಅನ್ನೋರಿಗೆ ಬೇಜಾರಾಗುತ್ತೆ.

ಸೀನಿಕ್

ಹೆಸರು ನೋಡಿ ಮೋಸ ಹೋಗೋರು ಇಲ್ಲಿಗೇ ಬರ್ತಾರೆ, ನಾನೂ ಮೊದಲ ಸಲ ಹಾಗೇ ಬಂದಿದ್ದು. ಮೈಲಿಕಲ್ಲು 58 ದಾಟಿದ ಮೇಲೆ ಹೈವೇ ಪಕ್ಕದಲ್ಲೇ ಇದೆ, ಕೆಂಪು ಕಬೂಸ್ ದೂರದಿಂದಲೇ ಕಾಣುತ್ತೆ, ಕಬೂಸ್ ಅಂದ್ರೆ ಗೂಡ್ಸ್ ರೈಲಿನ ಕೊನೇಲಿ ಇರೋ ಗಾರ್ಡ್ ಡಬ್ಬಿ. ದೊಡ್ಡ ಪಾರ್ಕಿಂಗು, ಟಾಯ್ಲೆಟ್ಟು, ಬೋರ್ಡುಗಳು, ಮಣ್ಣು ರಸ್ತೆ ಇಲ್ಲ. ಎಲ್ಲಾ ಸುಲಭ ಅನ್ಸುತ್ತೆ. ಆದ್ರೆ ಕಾರ್ ಇಳಿದ್ಮೇಲೆ?

ಇಲ್ಲಿಂದ ಅಪ್ಪರ್ ಗ್ರೇಡ್ ಮೇಲೆ ನೋಟ ಚೆನ್ನಾಗಿರೋ ವಿಂಡಿ ಪಾಯಿಂಟ್‌ಗೆ ಹೋಗೋದು ವಿಂಡಿ ಪಾಯಿಂಟ್ ಕ್ರಾಸೋವರ್ ಮೇಲೆ, ಸುಮಾರು ಒಂದು ಮೈಲೀಲಿ ಹತ್ರ ಹತ್ರ 700 ಅಡಿ ಏರು. ಹಾವಿನ ಹಾಗೆ ತಿರುಗಿ ತಿರುಗಿ ಹತ್ತೋ ದಾರಿ. ರೈಲು ಮೈಲಿಗಟ್ಟಲೆ ಸುತ್ತಿ ಮಾಡಿದ ಕೆಲಸಾನ ನೀವು ಒಂದು ಮೈಲೀಲಿ ಮಾಡ್ತೀರಿ, ಉಸಿರು ಬಾಯಿಗೆ ಬರುತ್ತೆ. ಅವತ್ತು ನನ್ನ ಜೊತೆ ಅಮ್ಮ, ಚಿಕ್ಕಮ್ಮ ಇಬ್ಬರೂ ಇದ್ರು, ಇಬ್ಬರೂ ಸೀರೆ, ಕಾಲಲ್ಲಿ ಚಪ್ಪಲಿ, "ರೈಲ್ವೆ ಹಳಿ ದಾರಿ ಕಣಮ್ಮ, ಲಾಲ್‌ಬಾಗ್ ಥರ ಇರುತ್ತೆ" ಅಂತ ನಾನೇ ಹೇಳಿ ಕರ್ಕೊಂಡು ಬಂದಿದ್ದು. ಮೂರನೇ ತಿರುವಲ್ಲಿ ಚಿಕ್ಕಮ್ಮ ಕೂತು "ಏನೋ ಇದು ಲಾಲ್‌ಬಾಗು, ಚಾಮುಂಡಿ ಬೆಟ್ಟ ಇದ್ದಂಗಿದೆ, ಅಲ್ಲಾದ್ರೂ ಮೆಟ್ಟಿಲಿದೆ" ಅಂದ್ರು. ಪುಳಿಯೋಗರೆ ಡಬ್ಬಿ ಅಲ್ಲೇ ಬಿಚ್ಚಿದ್ವಿ, ವಾಪಸ್ ಇಳಿದ್ವಿ, ಕಬೂಸ್ ಮುಂದೆ ಫೋಟೋ ತೆಗೆದು ಮನೆಗೆ. ಆ ಕಬೂಸ್ ಮುಂದಿನ ಫೋಟೋ ಮಾತ್ರ ಚೆನ್ನಾಗಿ ಬಂದಿದೆ.

ಆದ್ರೆ ಮಂಡಿ ಗಟ್ಟಿ ಇರೋರಿಗೆ ನಾನು ಇದನ್ನ ಬೇಡ ಅನ್ನಲ್ಲ. ಟೈಮ್ ಕಮ್ಮಿ ಇದೆ, ಎರಡು ಮೂರು ಗಂಟೇಲಿ ಒಂದು ಒಳ್ಳೆ ನೋಟ, ಒಂದು ಸುರಂಗ, ಒಂದಿಷ್ಟು ಬೆವರು ಬೇಕು ಅಂದ್ರೆ ಇದೇ ಸರಿ. ವಿಂಡಿ ಪಾಯಿಂಟ್ ತುದೀಲಿ ನಿಂತ್ರೆ ಕೆಳಗೆ ಹೈವೇ ದಾರದ ಹಾಗೆ, ಕಣಿವೇಲಿ ಇವತ್ತಿನ ರೈಲು ಹಳಿ. ಆ ಹಳಿ ಸೀನಿಕ್ ಹತ್ರವೇ 1929ರ ಟನಲ್ ಒಳಗೆ ಹೋಗಿ ಮಾಯ ಆಗುತ್ತೆ. ಅದೃಷ್ಟ ಇದ್ರೆ ಒಂದು ಗೂಡ್ಸ್ ಹೋಗುತ್ತೆ, ಮಕ್ಕಳು ಡಬ್ಬಿ ಎಣಿಸ್ತಾ ನಿಂತ್ಬಿಡ್ತವೆ, ನೂರು ದಾಟಿದ್ರೂ ಮುಗಿಯಲ್ಲ.

ಲೂಪ್ ಬೇಕು ಅನ್ನೋರು ಇಲ್ಲಿಂದ ವಿಂಡಿ ಪಾಯಿಂಟ್ ಹತ್ತಿ, ಅಪ್ಪರ್ ಗ್ರೇಡ್‌ನಲ್ಲಿ ಪಶ್ಚಿಮಕ್ಕೆ ಮಾರ್ಟಿನ್ ಕ್ರೀಕ್ ಕಡೆ ನಡೆದು, ಲೋವರ್ ಗ್ರೇಡ್‌ಗೆ ಇಳಿದು ಸೀನಿಕ್‌ಗೆ ವಾಪಸ್, ಆರು ಮೈಲಿ ಆಸುಪಾಸು. ಮೊದಲೇ ಹತ್ತಿ ಮುಗಿಸಿಬಿಡಿ, ಉಲ್ಟಾ ಹೋದ್ರೆ ಕೊನೇಲಿ ಆ ತಿರುವುಗಳನ್ನ ಇಳಿಯೋವಾಗ ಮಂಡಿ ಕೆಲಸ ಜಾಸ್ತಿ.

ವೆಲ್ಲಿಂಗ್ಟನ್

ಒಂದೇ ಸಲ ಹೋಗೋಕೆ ಆಗೋದು, ಮತ್ತೆ ಬರಲ್ಲ ಅನ್ನೋರಿಗೆ ನನ್ನ ಉತ್ತರ ಇದು. ಇಲ್ಲಿಂದ ವಿಂಡಿ ಪಾಯಿಂಟ್ ತನಕ ಹೋಗಿ ಬಂದ್ರೆ ಆರು ಮೈಲಿ ಹತ್ರ, ಪೂರ್ತಿ ರೈಲು ದಾರಿ, ಆದ್ದರಿಂದ ಏರು ಇಳುಕಲು ಇಲ್ಲವೇ ಇಲ್ಲ ಅನ್ನಬಹುದು. ಅಂದ್ರೆ ಸೀನಿಕ್‌ನವರು ಬೆವರು ಸುರಿಸಿ ಹತ್ತಿ ನೋಡೋ ನೋಟಾನ ನೀವು ಮಾತಾಡ್ಕೊಂಡು ಸಲೀಸಾಗಿ ನಡೆದು ನೋಡ್ತೀರಿ.

ಆದ್ರೆ ಇಲ್ಲಿಗೆ ನೋಟಕ್ಕೆ ಅಂತ ಯಾರೂ ಬರಲ್ಲ. ಇದು 1910ರ ಜಾಗ.

ಆ ವರ್ಷ ಫೆಬ್ರವರಿ ಕೊನೇಲಿ ಪೂರ್ವದಿಂದ ಸಿಯಾಟಲ್‌ಗೆ ಹೊರಟಿದ್ದ ಎರಡು ರೈಲು, ಒಂದು ಪ್ಯಾಸೆಂಜರ್, ಒಂದು ಮೇಲ್, ಬೆಟ್ಟ ದಾಟಿ ವೆಲ್ಲಿಂಗ್ಟನ್‌ಗೆ ಬಂದು ಸಿಕ್ಕಾಕ್ಕೊಂಡ್ವು. ಮುಂದೆ ಹಳಿ ಮೇಲೆ ಹಿಮ ಕುಸಿದಿದೆ, ಹಿಂದೇನೂ ಕುಸಿದಿದೆ. ಹಿಮ ತೆಗೆಯೋ ರೋಟರಿ ಪ್ಲೋ ಎಂಜಿನ್‌ಗಳೂ ಕುಸಿತಗಳ ನಡುವೆ ಸಿಕ್ಕಾಕ್ಕೊಂಡ್ವು, ಕಲ್ಲಿದ್ದಲು ಖಾಲಿ ಆಯ್ತು, ಸಲಿಕೆ ಹಿಡಿದು ಹಿಮ ಎತ್ತೋ ಕೂಲಿಯವರು ಸಂಬಳ ಸಾಲಲ್ಲ ಅಂತ ಕೆಲಸ ಬಿಟ್ಟು ನಡೆದ್ರು. ದಿನಗಟ್ಟಲೆ ಹಿಮ ಬೀಳ್ತಾನೇ ಇತ್ತು. ಹಿಂದೆನೇ ಇತ್ತಲ್ಲ 1900ರ ಹಳೇ ಕ್ಯಾಸ್ಕೇಡ್ ಟನಲ್, ರೈಲನ್ನ ಅದರ ಒಳಗೆ ಎಳೀರಿ ಅಂತ ಪ್ರಯಾಣಿಕರು ಕೇಳ್ಕೊಂಡ್ರು, ಆಗ್ಲಿಲ್ಲ. ಒಂದಿಷ್ಟು ಜನ ಧೈರ್ಯ ಮಾಡಿ ಇಳಿದು ಹಳಿ ಹಿಡ್ಕೊಂಡು ವಿಂಡಿ ಪಾಯಿಂಟ್ ತನಕ ನಡೆದು, ಅಲ್ಲಿಂದ ಸೀನಿಕ್‌ಗೆ ಬೆಟ್ಟದ ಇಳಿಜಾರಲ್ಲಿ ಹಿಮದ ಮೇಲೆ ಕೂತು ಜಾರ್ಕೊಂಡು ಹೋದ್ರು. ನಮ್ಮ ಚಿಕ್ಕಮ್ಮ ಪುಳಿಯೋಗರೆ ಬಿಚ್ಚಿದ್ದು ಅದೇ ಇಳಿಜಾರಲ್ಲಿ, ನಮಗೆ ಅವತ್ತು ಗೊತ್ತಿರಲಿಲ್ಲ. ಹೋದವರು ಬದುಕಿದ್ರು.

ಉಳಿದವರು ರೈಲಲ್ಲೇ ಮಲಗಿದ್ರು. ಮಾರ್ಚ್ 1ರ ಬೆಳಗಿನ ಜಾವ ಒಂದು ಗಂಟೆ ದಾಟಿರಬೇಕು, ಗುಡುಗು ಮಿಂಚು ಶುರುವಾಯ್ತು, ವಿಂಡಿ ಬೆಟ್ಟದ ಪಕ್ಕೆಯಿಂದ ಹಿಮದ ದೊಡ್ಡ ಹಾಸು ಕಿತ್ಕೊಂಡು ಬಂದು ಎರಡೂ ರೈಲನ್ನ ಸುಮಾರು 150 ಅಡಿ ಕೆಳಗೆ ಟೈ ಹೊಳೆ ಕಡೆಗೆ ತಳ್ತು. 96 ಜನ ಸತ್ರು. ಅದರಲ್ಲಿ 35 ಜನ ಮಾತ್ರ ಪ್ರಯಾಣಿಕರು, ಮಿಕ್ಕವರು ಹೆಚ್ಚುಕಮ್ಮಿ ಎಲ್ಲಾ ರೈಲ್ವೆ ಕೆಲಸದವರು, ಇದನ್ನ ಯಾರೂ ಅಷ್ಟು ಹೇಳಲ್ಲ. ಬದುಕಿ ಬಂದವರು 23. ಕೊನೇ ಶವ ಸಿಕ್ಕಿದ್ದು ಜುಲೈನಲ್ಲಿ, ಹಿಮ ಕರಗಿದ ಮೇಲೆ. ಅಮೆರಿಕದಲ್ಲಿ ಇದಕ್ಕಿಂತ ಜಾಸ್ತಿ ಜನ ಸತ್ತ ಹಿಮಕುಸಿತ ಇವತ್ತಿನವರೆಗೂ ಆಗಿಲ್ಲ. ವೆಲ್ಲಿಂಗ್ಟನ್ ಹೆಸರು ಕೇಳಿದ್ರೆ ಜನ ಟಿಕೆಟ್ ತಗೊಳ್ಳಲ್ಲ ಅಂತಲೋ ಏನೋ, ಅದೇ ವರ್ಷ ಊರಿನ ಹೆಸರನ್ನ ಟೈ ಅಂತ ಬದಲಾಯಿಸಿದ್ರು. ಕೇಸು ಕೋರ್ಟಿಗೂ ಹೋಯ್ತು, ಕೊನೆಗೆ ರಾಜ್ಯದ ಸುಪ್ರೀಂ ಕೋರ್ಟು ಇದು ದೈವದ ಕೆಲಸ, ಕಂಪನಿ ತಪ್ಪಲ್ಲ ಅಂತು.

ಟ್ರೇಲ್ ಶುರುವಾಗಿ ಸ್ವಲ್ಪ ದೂರಕ್ಕೇ ಆ ಕುಸಿತದ ಮೇಲೆ ಕಟ್ಟಿದ ಕಾಂಕ್ರೀಟ್ ಸ್ನೋ ಶೆಡ್ ಸಿಗುತ್ತೆ. ಅರ್ಧ ಮೈಲಿ ಹತ್ರ ಉದ್ದ. ಒಳಗೆ ನಡೀತಾ ಇದ್ರೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಸಾಲು ಕಂಬ, ಕಂಬದ ನಡುವೆ ಬಿಸಿಲು ಪಟ್ಟೆ ಪಟ್ಟೆಯಾಗಿ ಬೀಳುತ್ತೆ. ಯಾವುದೋ ಹಾಳು ದೇವಸ್ಥಾನದ ಪ್ರಾಕಾರದಲ್ಲಿ ಸುತ್ತು ಹಾಕಿದಂಗೆ ಅನ್ಸುತ್ತೆ, ಅಷ್ಟು ಜನ ಇದ್ರೂ ಎಲ್ಲರೂ ದನಿ ಇಳಿಸಿ ಮಾತಾಡ್ತಾರೆ. ನಡುವೆ ಒಂದು ಕಟ್ಟೆ ಥರ ಕಟ್ಟಿದಾರೆ, ಅಲ್ಲಿಂದ ಕೆಳಗೆ ಹೊಳೆ ಕಡೆ ನೋಡಬಹುದು, ಬೋರ್ಡು ಓದಬಹುದು. ಕೆಳಗೆ ಇಳಿಯೋಕೆ ಹೋಗ್ಬೇಡಿ. ತುಕ್ಕು ಹಿಡಿದ ಮೊಳೆ, ಕಬ್ಬಿಣದ ತುಂಡು ಸಿಕ್ಕಿದ್ರೂ ಜೇಬಿಗೆ ಹಾಕ್ಕೋಬೇಡಿ, ಫಾರೆಸ್ಟ್ ಜಾಗದಲ್ಲಿ ಹಳೇ ವಸ್ತು ಎತ್ಕೊಂಡು ಹೋಗೋದು ಅಪರಾಧ, ಅದೂ ಅಲ್ದೆ ಅಷ್ಟು ಜನ ಸತ್ತ ಜಾಗದ ಕಬ್ಬಿಣ ಮನೆಗೆ ಯಾಕೆ.

ಪಾರ್ಕಿಂಗ್‌ನಿಂದ ಇನ್ನೊಂದು ಕಡೆ ಹೋದ್ರೆ ಹಳೇ ಕ್ಯಾಸ್ಕೇಡ್ ಟನಲ್‌ನ ಪಶ್ಚಿಮದ ಬಾಯಿ, 2.6 ಮೈಲಿ ಉದ್ದದ್ದು. ಇದು ಆಗೋಕೆ ಮುಂಚೆ ರೈಲು ಪಾಸ್ ಮೇಲೇ ಹಿಂದೆ ಮುಂದೆ ಹಿಂದೆ ಮುಂದೆ ಅಂತ ಅಂಕುಡೊಂಕಾಗಿ ಹತ್ತಿ ಇಳೀತಿತ್ತು. ಟನಲ್ ಆದ್ಮೇಲೆ ಒಳಗೆ ಉಗಿ ಎಂಜಿನ್ ಹೊಗೆ ತುಂಬಿ ಉಸಿರು ಕಟ್ಟೋದು, ಅದಕ್ಕೆ 1909ರಲ್ಲಿ ಕರೆಂಟ್ ಎಂಜಿನ್ ತಂದ್ರು. ಈಗ ಒಳಗಡೆ ಛಾವಣಿ ಒಂದು ಕಡೆ ಕುಸಿದು ನೀರು ಕಟ್ಕೊಂಡಿದೆ, ಅದು ಒಡೆದ್ರೆ ಒಮ್ಮೆಲೇ ಹೊರಗೆ ನುಗ್ಗುತ್ತೆ. ಬೋರ್ಡ್ ಏನು ಹೇಳುತ್ತೋ ಅಲ್ಲಿಗೆ ನಿಲ್ಲಿ.

ವೆಲ್ಲಿಂಗ್ಟನ್‌ನ ತೊಂದರೆ ಎರಡು. ಒಂದು ಹಿಮ, ಎತ್ತರ ಇರೋದ್ರಿಂದ ಜೂನ್ ತನಕ ದಾರಿಯಲ್ಲಿ ಹಿಮ ಇರಬಹುದು, ಮಾರ್ಟಿನ್ ಕ್ರೀಕ್ ಅದಕ್ಕಿಂತ ಬೇಗ ತೆರೆಯುತ್ತೆ. ಇನ್ನೊಂದು ಕಾರ್ ತಿರುಗಿಸೋದು. ಮೈಲಿಕಲ್ಲು 64 ದಾಟಿ, ಪಾಸ್ ಮೇಲಿನ ಸ್ಕೀ ಜಾಗಕ್ಕೆ ಸ್ವಲ್ಪ ಮುಂಚೆ, ಎಡಕ್ಕೆ ಓಲ್ಡ್ ಕ್ಯಾಸ್ಕೇಡ್ ಹೈವೇ. ಸಿಯಾಟಲ್ ಕಡೆಯಿಂದ ಬರೋವಾಗ ಅಲ್ಲಿ ಎಡಕ್ಕೆ ತಿರುಗೋ ಸಾಹಸ ಮಾಡ್ಬೇಡಿ, ಎದುರಿಂದ ಇಳಿಜಾರಲ್ಲಿ ಟ್ರಕ್ ಬರ್ತಿರ್ತವೆ. ಸೀದಾ ಪಾಸ್ ಮೇಲೆ ಹೋಗಿ, ಅಲ್ಲಿ ಸುರಕ್ಷಿತವಾಗಿ ತಿರುಗಿಸ್ಕೊಂಡು ವಾಪಸ್ ಬಂದು ಬಲಕ್ಕೆ ತಿರುಗಿ, ಮೂರು ನಿಮಿಷ ಜಾಸ್ತಿ ಅಷ್ಟೇ.

ಎರಡು ಕಾರ್ ಇದ್ರೆ

ನಾನು ಮೂರು ಸಲ ಹೋದ್ಮೇಲೆ ಹೊಳೆದಿದ್ದು ಇದು. ಒಂದು ಕಾರ್ ಮಾರ್ಟಿನ್ ಕ್ರೀಕ್‌ನಲ್ಲಿ ಬಿಟ್ಟು ಎಲ್ಲರೂ ಇನ್ನೊಂದರಲ್ಲಿ ವೆಲ್ಲಿಂಗ್ಟನ್‌ಗೆ ಹೋಗಿ, ಅಲ್ಲಿಂದ ಅಪ್ಪರ್ ಗ್ರೇಡ್ ಪೂರ್ತಿ, ಆರು ಮೈಲಿ ಹತ್ರ, ರೈಲು ಇಳಿದಂಗೆ ಇಳೀತಾ ಬನ್ನಿ. ಸ್ನೋ ಶೆಡ್, ವಿಂಡಿ ಪಾಯಿಂಟ್, ಹಿಂಬದಿ ಗೋಡೆಗಳು, ಸ್ಪಿಲ್‌ವೇ ಎಲ್ಲ ಒಂದೇ ನಡಿಗೇಲಿ, ಕೊನೇಲಿ ಒಂದು ಗಿಡ್ಡ ಕ್ರಾಸೋವರ್ ಇಳಿದ್ರೆ ಕಾರು. ಹತ್ತು ಮೈಲಿ ಫ್ರೆಂಡು ಇದಕ್ಕೂ ತೃಪ್ತಿ ಪಡಲಿಲ್ಲ ಅಂದ್ರೆ ಅವನೊಬ್ಬನೇ ವಾಪಸ್ ನಡೆದು ಮೇಲಿನ ಕಾರ್ ತರಲಿ, ಎಲ್ಲರಿಗೂ ಅನುಕೂಲ. ದಾರಿ ಪಕ್ಕ ಬಿಳಿ ಕಂಬದಲ್ಲಿ ಸಾವಿರದ ಏಳುನೂರು ಚಿಲ್ಲರೆ ಅಂತ ನಂಬರ್ ಕಾಣುತ್ತೆ, ಅದು ಸೇಂಟ್ ಪಾಲ್‌ನಿಂದ ಎಷ್ಟು ಮೈಲಿ ಅನ್ನೋದು. ಸುಸ್ತಾದ ಮಗುಗೆ "ಇನ್ನೊಂದು ಕಂಬ" ಅಂತ ಹೇಳಿ ಹೇಳಿ ನಡೆಸೋಕೆ ಇದಕ್ಕಿಂತ ಉಪಾಯ ಇಲ್ಲ.

ಇದಾ, ಸ್ನೋಕ್ವಾಲ್ಮಿ ಟನಲ್ಲಾ?

ಈ ಪ್ರಶ್ನೆನೂ ಬರುತ್ತೆ. ಐ-90 ಮೇಲೆ ಹಯಾಕ್‌ನಲ್ಲಿ, ಎಕ್ಸಿಟ್ 54, ಮಿಲ್ವಾಕಿ ರೋಡ್ ಅನ್ನೋ ಇನ್ನೊಂದು ಕಂಪನಿಯ ಟನಲ್ ಇದೆ, 2.3 ಮೈಲಿ, ಆ ಲೈನ್ 1980ರಲ್ಲಿ ನಿಂತೋಯ್ತು, ಈಗ ಪಲೂಸ್ ಟು ಕ್ಯಾಸ್ಕೇಡ್ಸ್ ಟ್ರೇಲ್‌ನ ಭಾಗ. ದೊಡ್ಡ ವ್ಯತ್ಯಾಸ ಏನಂದ್ರೆ ಅಲ್ಲಿ ಟನಲ್ ಒಳಗೆ ನಡೆದು ಇನ್ನೊಂದು ಕಡೆ ಬರಬಹುದು, ಸೈಕಲ್ಲೂ ಹೋಗುತ್ತೆ. ಐರನ್ ಗೋಟ್‌ನಲ್ಲಿ ಯಾವ ಸುರಂಗದ ಒಳಗೂ ಹೋಗೋ ಹಾಗಿಲ್ಲ, ದಿಮ್ಮಿ ಕೊಳೆತಿದೆ, ಕಾಂಕ್ರೀಟ್ ಉದುರುತ್ತೆ, ಬಾಯಿ ಹತ್ರ ನಿಂತು ನೋಡೋದಷ್ಟೇ, ಸೈಕಲ್ಲೂ ಇಲ್ಲ. ಮಕ್ಕಳಿಗೆ ಕತ್ತಲೆಯ ಥ್ರಿಲ್ ಬೇಕಾ, ಹಯಾಕ್‌ಗೆ ಹೋಗಿ, ಒಬ್ಬೊಬ್ಬರಿಗೂ ಹೆಡ್‌ಲ್ಯಾಂಪ್ ಮತ್ತೆ ಜಾಕೆಟ್ ಕೊಡಿ, ಆಗಸ್ಟ್‌ನಲ್ಲೂ ಒಳಗೆ ನಡುಕ. ಆ ಟನಲ್ ಬಾಗಿಲು ನವೆಂಬರ್ 1ರಿಂದ ಮೇ 1ರ ತನಕ ಮುಚ್ಚಿರುತ್ತೆ. ಆದ್ರೆ ಅದು ರಿಪೇರಿ ಮಾಡಿ ಇಟ್ಟಿರೋ ಟನಲ್ಲು, ಹಾಳು ಬಿದ್ದ ರೈಲ್ವೆ ನೋಡಿದಂಗೆ ಆಗಲ್ಲ. ಗೋಡೆ ಸೀಳ್ಕೊಂಡು ಮರ ಬೆಳೆದಿರೋದು, ಪಾಚಿ, ಮುರಿದ ದಿಮ್ಮಿ, ಆ ಹಾಳು ಸುರಿಯೋ ಮೌನ ಬೇಕು ಅಂದ್ರೆ ಸ್ಟೀವನ್ಸ್ ಪಾಸೇ.

ಕಾರ್ ನಿಲ್ಸೋಕೆ ಬೇಕಾದ ಪಾರ್ಕಿಂಗ್ ಪಾಸ್ ವಿಷಯದಲ್ಲೂ ಎಡವೋರು ತುಂಬಾ. ಹಯಾಕ್ ರಾಜ್ಯದ ಜಾಗ, ಅಲ್ಲಿಗೆ ಡಿಸ್ಕವರ್ ಪಾಸ್, ದಿನಕ್ಕೆ 10 ಡಾಲರ್. ಐರನ್ ಗೋಟ್ ಫೆಡರಲ್ ಫಾರೆಸ್ಟ್ ಜಾಗ, ಮಾರ್ಟಿನ್ ಕ್ರೀಕ್ ಮತ್ತೆ ವೆಲ್ಲಿಂಗ್ಟನ್‌ನಲ್ಲಿ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್, ದಿನಕ್ಕೆ 5 ಡಾಲರ್. ನ್ಯಾಷನಲ್ ಪಾರ್ಕ್‌ಗಳಿಗೆ ಅಂತ ತಗೊಂಡಿರೋ ಅಮೆರಿಕ ದ ಬ್ಯೂಟಿಫುಲ್ ಪಾಸ್ ಇದ್ರೆ ಇಲ್ಲಿ ಅದೇ ಸಾಕು, ಹಯಾಕ್‌ನಲ್ಲಿ ಅದು ನಡೆಯಲ್ಲ. ಒಂದರ ಬದಲು ಇನ್ನೊಂದು ನೇತು ಹಾಕಿ ಬಂದು ವೈಪರ್ ಕೆಳಗೆ ಚೀಟಿ ನೋಡಿ ಗೋಳಾಡಿದವರಲ್ಲಿ ನಾನೂ ಒಬ್ಬ.

ಇನ್ನು ಸಣ್ಣಪುಟ್ಟದ್ದು. ಕುಡಿಯೋ ನೀರು ಎಲ್ಲೂ ಸಿಗಲ್ಲ, ಮನೆಯಿಂದಲೇ ತನ್ನಿ. ಫೋನ್ ಸಿಗ್ನಲ್ ನಂಬ್ಕೊಂಡು ಎರಡು ಕಾರ್ ಪ್ಲಾನ್ ಮಾಡ್ಬೇಡಿ, ಎಷ್ಟು ಗಂಟೆಗೆ ಎಲ್ಲಿ ಅಂತ ಮುಂಚೇನೇ ಮಾತಾಡ್ಕೊಳ್ಳಿ. ಜುಲೈ ಆಗಸ್ಟ್‌ನಲ್ಲಿ ಗಿಡ ದಾರಿಗೆ ಬಾಗಿರುತ್ತೆ, ತುರಿಕೆ ಗಿಡ ಇದೆ, ಡೆವಿಲ್ಸ್ ಕ್ಲಬ್ ಅಂತ ಒಂದಿದೆ ಅದರ ಎಲೆ ಅಗಲ ನೋಡಿ ಮುಟ್ಟೋಕೆ ಹೋದ್ರೆ ಎಲೆ ಕೆಳಗೂ ಮುಳ್ಳು ಕಾಂಡಕ್ಕೂ ಮುಳ್ಳು, ಚಡ್ಡಿ ಬೇಡ, ಉದ್ದ ಪ್ಯಾಂಟ್ ಹಾಕಿ. ನವೆಂಬರ್ ಆದ್ಮೇಲೆ ಹಿಮ ಬಿದ್ದ ಮೇಲೆ ಸ್ನೋಶೂ ಹಾಕ್ಕೊಂಡು ಹೋಗೋಣ್ವಾ ಅಂತ ಒಬ್ಬ ಕೇಳಿದ್ದ, 96 ಜನರ ಕಥೆ ಹೇಳಿ ಮುಗಿಸಿದ್ಮೇಲೆ ಕೇಳಿದ್ದು ಅವನು. ಅದೇ ಬೆಟ್ಟ, ಅದೇ ಇಳಿಜಾರು, ಈಗಲೂ ಕುಸಿಯುತ್ತೆ.

ನನ್ನನ್ನ ಕೇಳಿದ್ರೆ ಅಕ್ಟೋಬರ್ ಮೊದಲ ಎರಡು ವಾರ. ವೈನ್ ಮೇಪಲ್ ಕೆಂಪಾಗಿರುತ್ತೆ, ತುರಿಕೆ ಗಿಡ ಒಣಗಿರುತ್ತೆ, ಎಲೆ ಉದುರಿರೋದ್ರಿಂದ ಬೇಸಿಗೇಲಿ ಕಾಣದ ಗೋಡೆಗಳೆಲ್ಲ ಎದ್ದು ಕಾಣ್ತವೆ. ಆದ್ರೆ ಆ ಹೊತ್ತಿಗೆ ಕಣಿವೆಯಲ್ಲಿ ಬಿಸಿಲು ಬೇಗ ಹೋಗುತ್ತೆ, ವೆಲ್ಲಿಂಗ್ಟನ್‌ನಿಂದ ಹೊರಡೋರು ಬೆಳಿಗ್ಗೆ ಹತ್ತರ ಒಳಗೆ ನಡೆಯೋಕೆ ಶುರು ಮಾಡಿ, ಹೊರಡೋ ಹಿಂದಿನ ರಾತ್ರಿ ಫಾರೆಸ್ಟ್ ಸರ್ವೀಸ್ ಪೇಜಲ್ಲಿ ರಸ್ತೆ ತೆರೆದಿದೆಯಾ ನೋಡಿ, ಬ್ಯಾಗಲ್ಲಿ ಒಂದು ಟಾರ್ಚ್ ಇರಲಿ.